ಕಾರಿಗೆ ಹಚ್ಚಿದ ಕುರಿಬಣ್ಣ

ಕುರಿಗಳಿಗೆ ಜಂತಿನ ಮದ್ದು ಕುಡಿಸುವ ದಿನ ದೊಡ್ಡಿಯ ಬಾಗಿಲಲ್ಲಿ ಒಂದು ಡಬ್ಬಿ ಹಸಿರು ಬಣ್ಣ ಇರಲೇಬೇಕು. ಎಣ್ಣೆಯಲ್ಲಿ ಕಲಸಿದ, ಬೆಣ್ಣೆಯ ಹದದ ಬಣ್ಣ. ಮದ್ದು ಗಂಟಲಿಗಿಳಿದ ಕುರಿಯ ಬೆನ್ನ ಮೇಲೆ ಹೆಬ್ಬೆರಳಿನಿಂದ ಒಂದು ಗೀಟು ಎಳೆದು ಆಚೆಗೆ ತಳ್ಳುವುದು. ಗೀಟು ಇದ್ದದ್ದು ಕುಡಿದದ್ದು, ಇಲ್ಲದ್ದು ಇನ್ನೂ ಕುಡಿಯಬೇಕಾದದ್ದು. ನೂಕುನುಗ್ಗಲಿನಲ್ಲಿ ಯಾವ ಕುರಿಯ ಮುಖ ನೋಡಿ ಯಾರು ತಾನೇ ಗುರುತು ಇಟ್ಟುಕೊಂಡಾರು?

ಒಂದು ದಿನ ಬೆಳಗಿನ ಮಬ್ಬಿನಲ್ಲಿ ಡಾಕ್ಟರಮ್ಮನ ಗಂಡ ಅದೇ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು, ಹೆಂಡತಿಯ ಕಾರಿನ ಕೆಳಗೆ ಅಂಗಾತ ಮಲಗಿದ್ದ. ಪಕ್ಕದಲ್ಲಿ ಮೊಣಕಾಲೂರಿ ಟಾರ್ಚ್ ಹಿಡಿದಿದ್ದವನು ಅವನ ಹೆಂಡತಿಯ ತಮ್ಮ. ನಾಲ್ಕು ದಾರಿ ಕೂಡುವಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಗಾಡಿ ರಿಪೇರಿ ಮಾಡುವ ಇವನ ಜೇಬಿನಲ್ಲಿ ನಟ್ಟು ಬಿಚ್ಚುವ ಪಾನ ಸದಾ ಒಂದು ಇರುತ್ತಿದ್ದುದರಿಂದ ಊರಿಗೆಲ್ಲ ಇವನು ಪಾನನೇ ಆಗಿಬಿಟ್ಟಿದ್ದ.

"ಭಾವ, ಕೆಳಗಿನ ಮುಚ್ಚಳದ ಸಂದಿಯಲ್ಲಿ ಗುಂಡಗೆ ಲೋಟದ ಥರ ಇದೆಯಲ್ಲ, ಅದೇ ಆಯಿಲ್ ಫಿಲ್ಟರ್. ಅದಕ್ಕೊಂದು ಗೀಟು ಎಳೀರಿ."

"ಎಳೆದೆ."

"ಕಾಣೋ ಹಾಗೆ ಎಳೀರಿ, ಸುಮ್ನೆ ಮುಟ್ಟಿದ ಹಾಗೆ ಅಲ್ಲ."

"ಕುರಿಗೆ ಹಚ್ಚಿ ಹಚ್ಚಿ ನನ್ನ ಕೈ ಸವೆದಿದೆ. ನೀನು ಟಾರ್ಚ್ ಸರಿಯಾಗಿ ಹಿಡಿ," ಎಂದವನು ರೋಷಕ್ಕೆ ಬಿದ್ದು ಇನ್ನೂ ಎರಡು ಬೆರಳು ಬಣ್ಣ ತೋಡಿ ಧಾರಾಳವಾಗಿ ಬಳಿದ.

ಇಷ್ಟಕ್ಕೆಲ್ಲ ಕಾರಣ ಹಿಂದಿನ ರಾತ್ರಿಯ ಊಟದ ಹೊತ್ತಿನ ವಾದ. ಕಾರು ಡಾಕ್ಟರಮ್ಮನದು. ಪ್ರಾಣಿಗಳ ಔಷಧೋಪಚಾರ ಕಲಿತು, ಗುಡ್ಡದ ಮೇಲಿನ ದೊಡ್ಡಿಗಳಿಗೆಲ್ಲ ಓಡಾಡಿ, ತನ್ನ ದುಡಿಮೆಯಲ್ಲೇ ಕೊಂಡದ್ದು. ಅದು ಬರುವ ಮೊದಲು ಹಾಲಿನ ವ್ಯಾನಿಗೆ ಕೈ ಅಡ್ಡ ಹಿಡಿದೋ, ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತೋ ಹೋಗುತ್ತಿದ್ದಳು. ತಲುಪುವಷ್ಟರಲ್ಲಿ ಮರಿ ಸತ್ತು, ಬರಿಗೈಯಲ್ಲಿ ತಿರುಗಿ ಬಂದು ಅನ್ನ ಮುಟ್ಟದೆ ಮಲಗಿದ ದಿನಗಳನ್ನು ಗಂಡ ಕಂಡಿದ್ದ. ಈಗ ಮತ್ತೆ ಮರಿ ಹಾಕುವ ಕಾಲ. ಅದಕ್ಕೆ ಮೊದಲು ಕಾರಿನ ಸರ್ವೀಸ್ ಮುಗಿಯಬೇಕು. ಆಗಬೇಕಾದದ್ದು ಪೇಟೆಯ ಕಂಪನಿ ಶೋರೂಮಿನಲ್ಲಿ, ಯಾಕೆಂದರೆ ಬೇರೆ ಕಡೆ ಮಾಡಿಸಿದರೆ ಗ್ಯಾರಂಟಿ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು.

"ಅಲ್ಲಿ ಏನ್ ಮಾಡ್ತಾರೆ ಅಕ್ಕಾ? ತೊಳೀತಾರೆ, ಸೆಂಟು ಹೊಡೀತಾರೆ, ಬಿಲ್ಲು ಕೊಡ್ತಾರೆ. ಆ ಬಿಲ್ಲಿನ ಅರ್ಧಕ್ಕೆ ನಾನು ಬಿಚ್ಚಿ ಜೋಡಿಸಿ ಕೊಡ್ತೀನಿ," ಎಂದಿದ್ದ ಪಾನ.

"ನಿನ್ನ ಹತ್ರ ಬಿಚ್ಚೋದಕ್ಕೆ ಬಿಟ್ರೆ ಜೋಡಿಸೋಕೆ ಮುಂದಿನ ವರ್ಷ ಆಗುತ್ತೆ. ನಮ್ಮನೆ ನೀರಿನ ಪಂಪು ಇನ್ನೂ ನಿನ್ನ ಶೆಡ್ಡಲ್ಲೇ ಇದೆ."

"ಅದಕ್ಕೆ ಸಾಮಾನು ಸಿಗ್ತಿಲ್ಲ ಅಕ್ಕಾ!"

ಗಂಡ ನಡುವೆ ಬಾಯಿ ಹಾಕಿ, "ಅವನು ಹೇಳೋದರಲ್ಲೂ ಅರ್ಥ ಇದೆ. ಗಾಜಿನ ಬಾಗಿಲ ಹಿಂದೆ ಏನು ನಡೆಯುತ್ತೋ ಯಾರಿಗೆ ಗೊತ್ತು?" ಎಂದಾಗ ಅವಳು ತಟ್ಟೆ ಬದಿಗೆ ಸರಿಸಿದ್ದಳು.

"ಸರಿ. ಅವರು ಏನೂ ಮಾಡಲ್ಲ ಅಂತ ತೋರಿಸಿ, ಕಾರನ್ನ ಇವನ ಶೆಡ್ಡಿಗೇ ಬಿಡ್ತೀನಿ. ತೋರಿಸೋಕಾಗದಿದ್ರೆ ಇನ್ಮೇಲೆ ನನ್ನ ಕಾರಿನ ವಿಷಯಕ್ಕೆ ಇಬ್ಬರೂ ಬಾಯಿ ಹಾಕಕೂಡದು. ಆಗಬಹುದಾ?"

ಭಾವ ಭಾವಮೈದುನ ಮುಖ ಮುಖ ನೋಡಿಕೊಂಡಿದ್ದರು. ಆ ನೋಟದಲ್ಲೇ ಬಣ್ಣದ ಉಪಾಯ ಹುಟ್ಟಿತ್ತು. ಗೀಟು ಹಾಗೇ ಇದ್ದರೆ ಫಿಲ್ಟರ್ ಬದಲಾಯಿಸಿಲ್ಲವೆಂದೇ ಅರ್ಥ, ಶೋರೂಮಿನವರ ಬಂಡವಾಳ ಬಯಲು! ಅವಳಿಗೆ ಮಾತ್ರ ಇದರ ವಾಸನೆಯೂ ತಾಕಕೂಡದು.

ಆ ಬೆಳಿಗ್ಗೆ ಗಂಡ ಹೆಂಡತಿ ತಲುಪಿದ ಶೋರೂಮಿನ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗಂಡ ಅದರ ಮೇಲೆ ಕಾಲಿಡಲು ಹಿಂಜರಿದು, ಚಪ್ಪಲಿ ಬಿಡಬೇಕೇ ಎಂದು ಆಚೀಚೆ ನೋಡಿದ. ಯಾರೂ ಬಿಟ್ಟಿರಲಿಲ್ಲ. ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಗೀರುಗಳನ್ನೆಲ್ಲ ಫೋಟೋ ತೆಗೆದುಕೊಂಡು, "ಮಧ್ಯಾಹ್ನದ ಹೊತ್ತಿಗೆ ರೆಡಿ ಮೇಡಂ, ಒಳಗೆ ಕೂತ್ಕೊಳ್ಳಿ," ಎಂದಳು.

ಕೂರುವ ಕೋಣೆಯ ಒಂದು ಗೋಡೆಯಿಡೀ ಗಾಜು. ಅದರಾಚೆ ಕೆಲಸದ ಜಾಗ. ಡಾಕ್ಟರಮ್ಮ ಔಷಧಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಸೋಫಾದಲ್ಲಿ ಕೂತಳು. ಗಂಡ ಮಾತ್ರ ಗಾಜಿಗೆ ಮೂಗು ತಾಗಿಸಿ ನಿಂತ. ಕುರಿಯ ಗೊರಸು ಕತ್ತರಿಸುವಾಗಲೂ ಪಕ್ಕದಲ್ಲಿ ಮನೆಯವರೊಬ್ಬರು ನಿಲ್ಲದೆ ಬಿಟ್ಟದ್ದಿಲ್ಲ, ಇನ್ನು ಕಾರನ್ನು ಬಿಡುವುದುಂಟೆ?

ಕಾರು ಎರಡು ಕಂಬಗಳ ನಡುವೆ ಬಂದು ನಿಂತಿತು. ಯಾರೋ ಒಂದು ಗುಂಡಿ ಒತ್ತಿದರು. ಸದ್ದಿಲ್ಲದೆ ಅದು ನೆಲ ಬಿಟ್ಟು ಮೇಲೇರತೊಡಗಿತು.

"ಲೇ, ಬಾ ಇಲ್ಲಿ! ನೋಡು, ನಮ್ಮ ಕಾರಿನ ಹೊಟ್ಟೆ ನೋಡು!"

"ಮೆತ್ತಗೆ ಮಾತಾಡ್ರೀ. ಎಲ್ಲ ನೋಡ್ತಿದ್ದಾರೆ."

"ನೋಡ್ಲಿ ಬಿಡು! ತಲೆ ಮೇಲೆ ಎತ್ತಿಬಿಟ್ರಲ್ಲ, ಮರಿ ಎತ್ತಿದ ಹಾಗೆ!"

ಮೆಕ್ಯಾನಿಕ್ ಒಬ್ಬ ಕಾರಿನ ಕೆಳಗೆ ನಡೆದು ಬಂದ. ನರೆತ ಮೀಸೆ, ಹಣೆಗೆ ಕಟ್ಟಿದ ದೀಪ. ಕೆಳಗಿನ ಮುಚ್ಚಳ ಬಿಚ್ಚಿ, ಎಣ್ಣೆ ಇಳಿಸಿ, ಕೈ ಮೇಲೆತ್ತಿ ಏನನ್ನೋ ತಿರುಗಿಸಿ ತೆಗೆದ. ಅವನ ಬೆನ್ನು ಅಡ್ಡ ಬಂದು ಏನೆಂದು ಕಾಣಿಸಲಿಲ್ಲ. ಗಂಡ ತುದಿಗಾಲಿನ ಮೇಲೆ ನಿಂತ, ಬಗ್ಗಿದ, ಗಾಜಿನ ಈ ತುದಿಯಿಂದ ಆ ತುದಿಗೆ ಓಡಿದ. ಅಷ್ಟರಲ್ಲಿ ಮೆಕ್ಯಾನಿಕ್ ದೀಪವನ್ನು ಇಂಜಿನ್ನಿನ ಕಡೆ ತಿರುಗಿಸಿ ಹಾಗೇ ನಿಂತುಬಿಟ್ಟ. ಬೆರಳಿನಿಂದ ಮುಟ್ಟಿ ನೋಡಿದ. ಇನ್ನೊಬ್ಬನನ್ನು ಕರೆದ. ಅವನೂ ಕತ್ತೆತ್ತಿ ನೋಡಿ ಮೂರನೆಯವನನ್ನು ಕರೆದ.

ಎಂಥ ಶ್ರದ್ಧೆ ಇವರದು ಎಂದುಕೊಳ್ಳುತ್ತಿರುವಾಗಲೇ ನೀಲಿ ಅಂಗಿಯ ಹುಡುಗಿ ಬಾಗಿಲು ತೆರೆದು ಬಂದಳು. ಮುಖ ಗಂಭೀರವಾಗಿತ್ತು.

"ಮೇಡಂ, ಒಂದು ಪ್ರಾಬ್ಲಮ್ ಇದೆ. ಇಂಜಿನ್ ತಣ್ಣಗಿಡೋ ನೀರು ಲೀಕ್ ಆಗ್ತಿದೆ. ಹಸಿರು ಬಣ್ಣದ್ದು ಅದು. ಇಂಜಿನ್ ಮೈಯೆಲ್ಲ ಇಳಿದು ಕೆಳಗಿನ ಮುಚ್ಚಳದ ಮೇಲೂ ನಿಂತಿದೆ."

ಗಂಡನಿಗೆ ಥಟ್ಟನೆ ಹೊಳೆಯಿತು. ಬೆಣ್ಣೆಯ ಹದದ ಬಣ್ಣ. ಪೇಟೆಯವರೆಗಿನ ದಾರಿ. ಕಾದ ಇಂಜಿನ್. ಕುರಿಯ ಬೆನ್ನು ಎಂದೂ ಅಷ್ಟು ಕಾದಿರಲಿಲ್ಲ.

"ಹೆದರಬೇಡಿ, ಗ್ಯಾರಂಟಿ ಇದೆ, ನಿಮಗೆ ಖರ್ಚಿಲ್ಲ. ಆದ್ರೆ ಇಂಜಿನ್ ಬಿಚ್ಚಿ ನೋಡ್ಬೇಕು. ಮುಂದಿನ ವಾರ ಕೊಡ್ತೀವಿ."

"ಮುಂದಿನ ವಾರವಾ!" ಎಂದು ಡಾಕ್ಟರಮ್ಮ ಎದ್ದೇ ಬಿಟ್ಟಳು. ಆಮೇಲೆ ನಿಟ್ಟುಸಿರುಬಿಟ್ಟು ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ಶೆಡ್ಡಿಗೆ ಬಿಟ್ಟಿದ್ರೆ ಗೊತ್ತಾಗ್ತಿತ್ತಾ ಇದು? ಯಾವುದಾದ್ರೂ ಗುಡ್ಡದ ನೆತ್ತಿ ಮೇಲೆ ನಿಂತು ಅಳ್ತಿದ್ದೆ ನಾನು."

ಅವನು "ಹೂಂ" ಎಂದ. "ಒಂದ್ನಿಮಿಷ ಬಂದೆ," ಎಂದು ಅಂಗಳಕ್ಕೆ ಓಡಿ ಪಾನನಿಗೆ ಫೋನ್ ಮಾಡಿದ.

"ಬಾಯಿ ಬಿಡಬೇಡಿ ಭಾವ!" ಆ ಕಡೆಯಿಂದ ಪಾನ ನಕ್ಕು ನಕ್ಕು ಕೆಮ್ಮುತ್ತಿದ್ದ. "ಬಿಚ್ಚಲಿ ಇಂಜಿನ್ನು! ಇಲ್ಲದ ತೂತು ಎಲ್ಲಿ ಹುಡುಕ್ತಾರೋ ನೋಡೋಣ!"

"ನಿನ್ನ ತಲೆ! ಕಾರು ಒಂದು ವಾರ ಇಲ್ಲೇ ಬಿದ್ದಿರುತ್ತೆ ಕಣೋ."

"ಹೇಳಿದ್ರೆ ಅಕ್ಕ ನಿಮ್ಮನ್ನ ಬಿಡ್ತಾಳಾ? ನೀವೇ ಯೋಚನೆ ಮಾಡಿ. ನನ್ನ ಹೆಸರು ಮಾತ್ರ ಎತ್ತಬೇಡಿ."

ಒಳಗೆ ಬಂದಾಗ ಡಾಕ್ಟರಮ್ಮನ ಕಿವಿಯಲ್ಲಿ ಫೋನಿತ್ತು. ಅವಳ ದನಿಯೇ ಬದಲಾಗಿತ್ತು. ಮರಿಗಳ ವಿಷಯಕ್ಕೆ ಬಂದರೆ ಬರುವ, ಗಡಿಬಿಡಿಯಿಲ್ಲದ ಚೂಪು ದನಿ.

"ಅಜ್ಜೀ, ನಿಧಾನಕ್ಕೆ ಹೇಳಿ. ತಲೆ ಕಾಣ್ತಿದೆಯಾ? ಕಾಲು? ಒಂದೇ ಕಾಲಾ? ಎಳೀಬೇಡಿ. ಯಾರೂ ಎಳೀಬೇಡಿ, ನಾನು ಬರ್ತಿದ್ದೀನಿ."

ಗುಡ್ಡದ ತುದಿಯಲ್ಲಿ ದೊಡ್ಡಿ ಇಟ್ಟುಕೊಂಡಿರುವ ಅಜ್ಜಿಯ ಕರೆ ಅದು. ಮರಿಯ ಇನ್ನೊಂದು ಮುಂಗಾಲು ಒಳಗೇ ಹಿಂದಕ್ಕೆ ಮಡಚಿಕೊಂಡಿದೆ. ತಡವಾದರೆ ಮರಿಯೂ ಹೋಯಿತು, ತಾಯಿಯೂ ಹೋಯಿತು.

"ನನಗೆ ಕಾರು ಬೇಕು," ಎಂದಳು ನೀಲಿ ಅಂಗಿಯ ಹುಡುಗಿಗೆ.

"ಆಗಲ್ಲ ಮೇಡಂ, ದಯವಿಟ್ಟು. ನೀರು ಸೋರ್ತಿರೋವಾಗ ಗುಡ್ಡ ಹತ್ತಿದ್ರೆ ಇಂಜಿನ್ ಸೀದು ಹೋಗುತ್ತೆ."

"ಬೇರೆ ಗಾಡಿ ಕೊಡಿ."

"ಇರೋದೊಂದು ಈಗಷ್ಟೇ ಹೋಯ್ತು."

ಡಾಕ್ಟರಮ್ಮ ಚೀಲ ಹೆಗಲಿಗೇರಿಸಿದಳು. ಇನ್ನು ಬೀದಿಗೆ ಹೋಗಿ, ಬಂದ ಗಾಡಿಗೆಲ್ಲ ಕೈ ಅಡ್ಡ ಹಿಡಿಯುತ್ತಾಳೆ, ಹಿಂದಿನ ಹಾಗೇ ಎಂದು ಗಂಡನಿಗೆ ಗೊತ್ತಿತ್ತು. ಅವಳು ಬಾಗಿಲ ಹಿಡಿ ಮುಟ್ಟಿದ್ದಳು.

"ಅದು ನೀರಲ್ಲ!" ಎಂದು ಗಂಡ ಕೂಗಿದ.

ಕೋಣೆಯಲ್ಲಿದ್ದವರೆಲ್ಲ ತಿರುಗಿದರು.

"ಬಣ್ಣ ಅದು. ಕುರಿಬಣ್ಣ. ನಾನೇ ಹಚ್ಚಿದ್ದು."

"ಏನಂದ್ರಿ?" ಎಂದಳು ಹೆಂಡತಿ.

"ಬೆಳಿಗ್ಗೆ, ಫಿಲ್ಟರಿಗೆ. ಇವರು ಬದಲಾಯಿಸ್ತಾರೋ ಇಲ್ವೋ ಅಂತ ನೋಡೋದಕ್ಕೆ. ಸ್ವಲ್ಪ ಜಾಸ್ತಿ ಹಚ್ಚಿದೆ, ಕರಗಿಹೋಯ್ತು." ಅವನು ಗಾಜಿನಾಚೆ ಕೈ ತೋರಿದ. "ಬೈಯೋದೆಲ್ಲ ಆಮೇಲೆ ಬೈಯಿ. ಈಗ ಕಾರು ಇಳಿಸೋಕೆ ಹೇಳು."

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೋಡಿದಳು. ಮೀಸೆಯ ಮೆಕ್ಯಾನಿಕ್ ಬಂದ. ಅವನ ಕೈಯಲ್ಲಿ ಹಳೆಯ ಫಿಲ್ಟರ್ ಇತ್ತು, ಮೈತುಂಬ ಹಸಿರು ಬಳಿದುಕೊಂಡು ಕುರಿಯಂತೆಯೇ ಕಾಣುತ್ತಿತ್ತು.

"ಇದಾ ನೀವು ಹೇಳೋದು? ಇದನ್ನ ಆಗಲೇ ಬಿಚ್ಚಿ ಹೊಸದು ಹಾಕಿಯಾಯ್ತು. ಜಿಗುಟು ಜಿಗುಟಾಗಿದೆಯಲ್ಲ, ಇದೆಂಥ ನೀರು ಅಂತ ನಾವು ಮೂರು ಜನ ತಲೆ ಕೆಡಿಸಿಕೊಂಡಿದ್ವಿ."

"ತಪ್ಪಾಯ್ತು ಸಾರ್. ಬೇಗ ಇಳಿಸಿ."

"ನಿಮ್ಮ ಬಾಯಿ ಮಾತಿನ ಮೇಲೆ ಇಳಿಸೋಕಾಗಲ್ಲ. ಒರೆಸ್ಬೇಕು, ಒತ್ತಡ ಹಾಕಿ ನೋಡ್ಬೇಕು. ಸೋರ್ತಿಲ್ಲ ಅಂದ್ರೆ ತಗೊಂಡು ಹೋಗಿ." ಒಂದು ಬಟ್ಟೆ ತೆಗೆದು ಗಂಡನ ಎದೆಗೆ ಒತ್ತಿದ. "ಹಚ್ಚಿದವರೇ ಬನ್ನಿ ಒರೆಸೋಕೆ. ಇಬ್ಬರಾದ್ರೆ ಬೇಗ ಆಗುತ್ತೆ."

ತಲೆಗೊಂದು ಹಳದಿ ಟೋಪಿ ಹಾಕಿಸಿ ಅವನನ್ನು ಒಳಗೆ ಕರೆದೊಯ್ದರು. ನೆತ್ತಿಯ ಮೇಲೆ ತೂಗುತ್ತಿದ್ದ ಕಾರಿನ ಕೆಳಗೆ ನಿಂತು, ತೋಳೆತ್ತಿ, ತಾನೇ ಬಳಿದ ಬಣ್ಣವನ್ನು ಡೀಸೆಲ್ ಬಟ್ಟೆಯಿಂದ ತಿಕ್ಕಿದ. ಹಸಿರು ಹನಿ ಮೂಗಿನ ಮೇಲೆ ಬಿತ್ತು. ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಆದರೂ ಕಣ್ಣು ಮಾತ್ರ ಸುಮ್ಮನಿರದೆ ಕೊಳವೆಗಳ, ಬೆಲ್ಟುಗಳ, ಹೊಳೆಯುವ ಹೊಸ ಫಿಲ್ಟರಿನ ಮೇಲೆಲ್ಲ ಓಡಾಡುತ್ತಿತ್ತು. ಗಾಜಿನಾಚೆ ಹೆಂಡತಿ ನಿಂತಿದ್ದಳು. ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಮೆಕ್ಯಾನಿಕ್ ಸಣ್ಣ ಪಂಪು ಜೋಡಿಸಿ ಗಾಳಿ ಒತ್ತಿದ. ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಮೇಲೇರಿ ನಿಂತಿತು. ಎಲ್ಲರೂ ಅದನ್ನೇ ನೋಡಿದರು. ಮುಳ್ಳು ಕದಲಲಿಲ್ಲ.

"ಗಟ್ಟಿಯಾಗಿದೆ. ಇಳಿಸ್ರೋ!"

ಕೆಳಗಿನ ಮುಚ್ಚಳ ಬಿಗಿದು, ಕಾರು ನೆಲಕ್ಕಿಳಿಸಿ ಹೊಸ ಎಣ್ಣೆ ತುಂಬುವಷ್ಟರಲ್ಲಿ ಡಾಕ್ಟರಮ್ಮ ಬಿಲ್ಲಿನ ಮುಂದೆ ನಿಂತಿದ್ದಳು. ಗಂಡ ಹೆಗಲ ಮೇಲಿಂದ ಇಣುಕಿ, ಮೊತ್ತ ನೋಡಿ ಬಾಯಿ ತೆರೆದ. ಅವಳ ಒಂದೇ ನೋಟಕ್ಕೆ ಮುಚ್ಚಿದ.

"ಈ ಪಾಲಿಶ್, ಈ ಸುಗಂಧ, ಇದೆಲ್ಲ ಏನು?" ಎಂದಳು ಅವಳು.

"ಒಳಗೆ ಕುರಿ ವಾಸನೆ ಇತ್ತು ಮೇಡಂ, ಅದಕ್ಕೇ..."

"ಅದು ನನ್ನ ಕೆಲಸದ ವಾಸನೆ. ಇನ್ನೂ ಹೊಡೆದಿಲ್ಲ ತಾನೇ? ತೆಗೀರಿ ಅದನ್ನ. ತೊಳೆಯೋದೂ ಬೇಡ. ಎಣ್ಣೆ, ಫಿಲ್ಟರು, ಕೆಲಸದ ಕೂಲಿ, ಅಷ್ಟಕ್ಕೆ ಕೊಡ್ತೀನಿ."

ಹುಡುಗಿ ಅವನ್ನೆಲ್ಲ ಬಿಲ್ಲಿನಿಂದ ತೆಗೆದಳು. ಮೊತ್ತ ಸುಮಾರಾಗಿಯೇ ಇಳಿಯಿತು.

ಕಾರು ಪೇಟೆ ದಾಟಿತು. ಗುಡ್ಡದ ಮೊದಲ ತಿರುವಿನಲ್ಲಿ ಅವಳು ಗೇರು ಬದಲಾಯಿಸಿದಳು. ಇಂಜಿನ್ ಒಮ್ಮೆಯೂ ಮುಗ್ಗರಿಸದೆ ಏರಿತು.

"ಪಾನನೂ ಸೇರಿದ್ದನಾ?"

"ಟಾರ್ಚ್ ಹಿಡಿದಿದ್ದ."

"ಅದಕ್ಕೇ ಗೀಟು ಎಳೆಯೋ ಕಡೆ ಗೋಡೆಗೆ ಬಳಿದ ಹಾಗೆ ಬಳಿದಿದ್ದೀರಿ." ಅವಳ ತುಟಿಯ ತುದಿ ಒಂಚೂರು ಅಲುಗಿತೋ ಇಲ್ಲವೋ. "ಹಿಂದಿನ ಸೀಟಲ್ಲಿ ಕೈಗವಸು ಇದೆ, ತೆಗೆದಿಡಿ. ಮೂಗು ಒರೆಸ್ಕೊಳ್ಳಿ, ಅಜ್ಜಿ ಹೆದರ್ಕೋತಾರೆ."

ತಿರುವಿನ ಮೇಲೆ ತಿರುವು. ಕಲ್ಲು ಸಿಡಿದು ತಳಕ್ಕೆ ಬಡಿಯುತ್ತಿತ್ತು. "ಹೋಗು, ಹೋಗು," ಎಂದು ಅವನು ಡ್ಯಾಶ್‌ಬೋರ್ಡ್ ತಟ್ಟಿ ಕಾರನ್ನು ಹುರಿದುಂಬಿಸುತ್ತಿದ್ದ. ದೊಡ್ಡಿಯ ಬೇಲಿ ಕಂಡದ್ದೇ ಅವಳು ಬಾಗಿಲು ತೆರೆದು ಓಡಿದಳು, ಇಂಜಿನ್ ಆರಿಸುವ ಕೆಲಸವೂ ಅವನಿಗೇ ಬಿತ್ತು.

ಹುಲ್ಲಿನ ಮೇಲೆ ಕುರಿ ಕತ್ತು ಚಾಚಿ ಮಲಗಿತ್ತು. ಅಜ್ಜಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟರಮ್ಮ ಮಂಡಿಯೂರಿ, ಮರಿಯ ತಲೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಕಣ್ಣು ಮುಚ್ಚಿ ಬೆರಳಿನಲ್ಲೇ ಹುಡುಕಿದಳು. ಗಂಡ ಕೈಯೊಡ್ಡಿ ಪಕ್ಕದಲ್ಲೇ ಕೂತ.

"ಸಿಕ್ತು. ಮಂಡಿ ಸಿಕ್ತು. ಬಾ ಕಂದಾ, ಬಾ..."

ಮಡಚಿದ ಕಾಲು ನೇರವಾಯಿತು. ಒಂದು ಎಳೆತ, ಇನ್ನೊಂದು, ಆಮೇಲೆ ಜಾರುವ ಬೆಚ್ಚನೆಯ ಮುದ್ದೆ ಅವನ ಕೈಗೆ ಬಂದು ಬಿತ್ತು. ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಎದೆ ತಿಕ್ಕಿದ. ಏನಿಲ್ಲ. ಇನ್ನೂ ಜೋರಾಗಿ ತಿಕ್ಕಿದ. ಮರಿ ತಲೆ ಒದರಿ ಸೀನಿತು.

"ಬದುಕಿದೆ! ಬದುಕಿದೆ ಅಜ್ಜೀ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋದ ಜೀವ ಬಂದಂತಾಗಿ ನಾಲಿಗೆಗೂ ಮಾತು ಬಂತು. "ಸರಿಯಾದ ಹೊತ್ತಿಗೆ ಬಂದ್ರಿ ನೋಡಿ. ಗಾಡಿ ಅಂದ್ರೆ ಹೀಗಿರ್ಬೇಕು. ನಮ್ಮ ಮೊಮ್ಮಗಳೂ ಹೊಸದೊಂದು ತಗೊಂಡಿದ್ದಾಳಪ್ಪಾ. ಅದನ್ನ ಕಂಪನಿಗೇ ಬಿಡೋದಾ, ಅಷ್ಟು ದುಡ್ಡು ಯಾಕೆ ಅಂತ ನಮ್ಮ ಪಾನನ ಹತ್ರ ಬಿಡೋದಾ? ನೀವೇನಂತೀರಿ?"

ಹೇಳಲು ಅವನ ಹತ್ತಿರ ಬೇಕಾದಷ್ಟಿತ್ತು. ಮೇಲೇರುವ ಕಂಬಗಳು, ಹಣೆಯ ದೀಪ, ಕದಲದ ಮುಳ್ಳು, ಆ ಬಿಲ್ಲು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡು ಮರಿಯನ್ನು ತಾಯಿಯ ಮೂಗಿನ ಬಳಿ ಇಟ್ಟ.

"ಕಾರು ಅವಳದ್ದು ಅಜ್ಜೀ. ಅವಳನ್ನೇ ಕೇಳಿ."

ಡಾಕ್ಟರಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಗ್ಯಾರಂಟಿ ಇರೋವರೆಗೂ ಕಂಪನಿಗೇ ಬಿಡ್ಲಿ. ಆದ್ರೆ ಬಿಲ್ಲು ಓದಿ ದುಡ್ಡು ಕೊಡೋಕೆ ಹೇಳಿ. ಗ್ಯಾರಂಟಿ ಮುಗಿದ ಮೇಲೆ ಬೇಕಾದ್ರೆ ನನ್ನ ತಮ್ಮ..." ಎನ್ನುತ್ತಿದ್ದವಳು ತಟ್ಟನೆ ನಿಲ್ಲಿಸಿ, ಕುರಿಯ ಹೊಟ್ಟೆಯ ಮೇಲೆ ಅಂಗೈ ಒತ್ತಿದಳು. ಮುಖ ಅರಳಿತು.

"ರೀ, ಟವೆಲ್ ತನ್ನಿ! ಬೇಗ! ಇನ್ನೊಂದಿದೆ!"