ಮೈಕು ಮುಚ್ಚದ ಮನೆ

ಯಾರೋ ತಟ್ಟೆ ಇಟ್ಟರು, ಸ್ಟೀಲಿನದೇ ಇರಬೇಕು, ಇಟ್ಟ ಮೇಲೂ ಗಿರ್ರನೆ ಒಂದು ಸುತ್ತು ತಿರುಗಿ ಸುಮ್ಮನಾಯಿತು, ಅವನು ತಲೆಯೆತ್ತಿದ — ಸರ್ವರ್ ಕೋಣೆಯಲ್ಲಿ ತಟ್ಟೆ ಎಲ್ಲಿಂದ ಬರಬೇಕು, ಇಲ್ಲಿರುವುದು ಆಳೆತ್ತರದ ಎರಡು ಕಬ್ಬಿಣದ ಕಪಾಟು, ಅದರೊಳಗೆ ಮಿಣುಕುವ ದೀಪಗಳು, ಮೂಳೆಗಿಳಿಯುವ ಎಸಿ, ಒಂದು ಕೈ ಮುರಿದ ಕುರ್ಚಿ, ಅದರ ಮೇಲೆ ಸ್ವೆಟರ್ ಹಾಕಿಕೊಂಡು ಅವನು — ತಟ್ಟೆ ಇದ್ದದ್ದು ಕಿವಿಯೊಳಗೆ, ಹೆಡ್‌ಫೋನಿನಲ್ಲಿ, ಈಗ ನೀರು ಸುರಿಯುವ ಸದ್ದು, ಈಗ ಹೆಂಗಸಿನ ದನಿ, ಸಾಕು ಪುಟ್ಟಾ, ನೀರಲ್ಲಿ ಆಡಬೇಡ, ತೋಳೆಲ್ಲ ಒದ್ದೆ ಮಾಡ್ಕೊಂಡೆ ನೋಡು. ಲ್ಯಾಪ್‌ಟಾಪಿನ ಪರದೆಯ ಮೇಲೆ, ಮೊಬೈಲಿನ ಇಂಟರ್ನೆಟ್ಟಿನಿಂದ ನಡೆಯುತ್ತಿರುವ ಕರೆಯಲ್ಲಿ, ಸ್ವಲ್ಪ ಹೊತ್ತಿನ ಹಿಂದೆ ಆರು ಚೌಕಗಳಿದ್ದವು, ಈಗ ಎರಡೇ, ಒಂದು ಅವನದು, ಇನ್ನೊಂದು ಲೈನ್ ಕಂಪನಿಯ ಇಂಜಿನಿಯರನದು, ಆ ಚೌಕದ ಮೂಲೆಯಲ್ಲಿ ಕಾಳಿನಷ್ಟು ದೊಡ್ಡ ಮೈಕಿನ ಚಿತ್ರ, ಚಿತ್ರದ ಮೇಲೆ ಕೆಂಪು ಗೀಟು ಇರಬೇಕಾಗಿತ್ತು, ಇಲ್ಲ, ಮುಚ್ಚಿದ್ದೇನೆ ಅಂದುಕೊಂಡು ಎದ್ದು ಹೋಗಿದ್ದಾನೆ ಪುಣ್ಯಾತ್ಮ, ಅವನ ಮನೆ ಪೂರ್ತಿ ತೆರೆದು ಬಿದ್ದಿದೆ. ಹೇಳಬೇಕು. ಅಣ್ಣಾ ನಿಮ್ಮ ಮೈಕು ಅನ್ನಬೇಕು, ಇಲ್ಲವೇ ಇಲ್ಲಿಂದಲೇ ಒಂದು ಗುಂಡಿ ಒತ್ತಿದರೂ ಅವನ ಮೈಕು ಮುಚ್ಚುತ್ತದೆ, ಕರೆ ನಡೆಸುವವನಿಗೆ ಆ ಅಧಿಕಾರ ಇದೆ, ಇಡೀ ನೌಕರಿಯಲ್ಲಿ ಅವನಿಗಿರುವುದು ಅದೊಂದೇ ಅಧಿಕಾರ — ಒತ್ತಲಿಲ್ಲ, ಪುಟ್ಟ ಯಾವುದೋ ಡಬ್ಬಿಯನ್ನು ನೆಲದ ಮೇಲೆ ಎಳೆಯುತ್ತಿದ್ದಾನೆ, ಎಳೆಯಲಿ.

ಮೇಲೆ ಗೋದಾಮು ನಿಂತು ಹೋಗಿದೆ, ಔಷಧಿಯ ಗೋದಾಮು, ಮುಖ್ಯ ಕಚೇರಿಗೆ ಹೋಗುವ ಇಂಟರ್ನೆಟ್ ಲೈನು ಸತ್ತರೆ ಚೀಟಿ ಪ್ರಿಂಟಾಗುವುದಿಲ್ಲ, ಚೀಟಿ ಇಲ್ಲದೆ ಗೇಟು ತೆಗೆಯುವುದಿಲ್ಲ, ಹಮಾಲಿಗಳು ಪೆಟ್ಟಿಗೆಗಳ ಮೇಲೆ ಕೂತು ಕಾಲಾಡಿಸುತ್ತಿದ್ದಾರೆ, ಲಾರಿಗಳು ರಸ್ತೆಯವರೆಗೆ ನಿಂತು ಹಾರ್ನ್ ಬಾರಿಸುತ್ತಿವೆ, ಐಟಿ ಮ್ಯಾನೇಜರು — ಬಾಯಿ ಬಿಟ್ಟರೆ ಗಡುವು ಗಡುವು ಅನ್ನುವುದರಿಂದ ಎಲ್ಲರಿಗೂ ಗಡುವಪ್ಪ — ಬೆಳಿಗ್ಗೆಯಿಂದ ಮೂರು ಸಲ ಅಂಗಿ ಒಳಗೆ ಸಿಕ್ಕಿಸಿಕೊಂಡಿದ್ದಾನೆ. ಲೈನಿನವರು, ಸರ್ವರಿನವರು, ಸಾಫ್ಟ್‌ವೇರಿನವರು, ಪ್ರಿಂಟರಿನವರು, ಎಲ್ಲ ಕಂಪನಿಗಳನ್ನೂ ಒಂದೇ ಕರೆಗೆ ಎಳೆದು ತಂದು ಕೂರಿಸುವುದು ಈ ಕೋಣೆಯಲ್ಲಿ ಕೂತವನ ಕೆಲಸ, ವೆಂಡರ್ ಕೋಆರ್ಡಿನೇಟರ್, ಕೊರಳಲ್ಲಿ ಹಾಗಂತ ಚೀಟಿ ನೇತಾಡುತ್ತದೆ, ಅಂದರೆ ನಾಲ್ಕು ಕಂಪನಿಯವರ ಹತ್ತಿರ ನಾಲ್ಕು ಬಗೆಯಲ್ಲಿ ಬೈಸಿಕೊಳ್ಳುವವನು ಅಂತ. ನಮ್ಮ ಕಡೆ ಎಲ್ಲ ಸರಿ ಇದೆ ಸಾರ್, ನಮ್ಮ ಕಡೇನೂ ಓಕೆ ಸಾರ್, ನಮ್ದರಲ್ಲಿ ಏನೂ ಇಲ್ಲ ಸಾರ್ — ಸಾಲಾಗಿ ನಿಂತು ಪ್ರಾರ್ಥನೆ ಹೇಳಿದ ಹಾಗೆ, ಕಳ್ಳ ನನ್ಮಕ್ಕಳು, ಎಲ್ಲರದೂ ಸರಿ ಇದ್ದರೆ ಗೇಟೇಕೆ ತೆಗೆಯುತ್ತಿಲ್ಲ. ಒಪ್ಪಂದದ ಪ್ರಕಾರ ಕೂಡಲೇ ಸ್ಪಂದಿಸಬೇಕು, ಸ್ಪಂದಿಸುವುದು ಅಂದರೆ ಏನು ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದ, ಫೋನ್ ಎತ್ತಿ ನಮಸ್ಕಾರ ಅಂದ್ರೆ ಸ್ಪಂದಿಸಿದ ಹಾಗೇ ಕಣೋ, ರಿಪೇರಿ ಬೇರೆ ಪುಟದಲ್ಲಿದೆ ಅಂದಿದ್ದ ಗಡುವಪ್ಪ. ಸ್ಪಂದನವಂತೆ, ಥೂ. ಇಂಥ ಒಪ್ಪಂದ ಬರೆಯೋದಕ್ಕೆ ಓದಬೇಕು, ಇವನು ಓದು ಅರ್ಧಕ್ಕೇ ಬಿಟ್ಟವನು, ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತು ಏಣಿ ಹತ್ತುತ್ತಿದ್ದವನು, ಕುರ್ಚಿ ಸಿಕ್ಕಿದೆ, ಕೈ ಮುರಿದದ್ದು. ಆಮೇಲೆ ಎಲ್ಲರೂ ಸ್ವಲ್ಪ ನೋಡ್ಕೊಂಡು ಬರ್ತೀವಿ ಅಂತ ಕರೆಯಿಂದ ಕಳಚಿಕೊಂಡರು, ಲೈನಿನವನು ಮಾತ್ರ ಹೋಗುವ ಹಾಗಿಲ್ಲ, ಲೈನು ಬರುವ ತನಕ ಅವರ ಕಡೆಯ ಒಬ್ಬ ಕರೆಯಲ್ಲೇ ಇರಬೇಕು, ಆ ಮಾತೊಂದು ಒಪ್ಪಂದದಲ್ಲಿ ಹೇಗೋ ಸರಿಯಾಗಿ ಬರೆದುಹೋಗಿದೆ. ಗಡುವಪ್ಪ ಮೇಲಿನ ಮಹಡಿಗೆ ದೊಡ್ಡವರ ಹತ್ತಿರ ಹೋಗುವ ಮುಂಚೆ ಇದೇ ಬಾಗಿಲಲ್ಲಿ ನಿಂತು, ಕರೆಯಲ್ಲಿ ಉಳಿದಿದ್ದ ಲೈನಿನವನಿಗೂ ಕೇಳಿಸುವ ಹಾಗೆ ಹೇಳಿದ, ನೋಡೋ, ಕಾರಣ ಸಿಕ್ಕಿದ್ರೆ ಸರಿ, ಸಿಗಲಿಲ್ಲ ಅಂದ್ರೆ ಬೆಳಿಗ್ಗೆ ಈ ರೂಮಿಗೆ ಬಂದವನು ನೀನೊಬ್ಬನೇ, ಬಾಗಿಲಿನ ಕಾರ್ಡ್ ದಾಖಲೆ ಹೇಳ್ತಿದೆ, ನಾನು ಮೇಲಕ್ಕೆ ಒಂದು ಹೆಸರು ಕೊಡ್ಲೇಬೇಕು. ಬಂದದ್ದು ಹೌದು, ಫ್ಯಾನಿನ ದೂಳು ಒರೆಸುವುದಕ್ಕೆ, ಯಾವ ತಂತಿಯನ್ನೂ ಮುಟ್ಟಲಿಲ್ಲ, ಮುಟ್ಟಲಿಲ್ಲ ಅಂತ ತಂತಿ ಬಂದು ಸಾಕ್ಷಿ ಹೇಳುತ್ತದೆಯೇ. ತಿಂಗಳ ಕೊನೆಗೆ ಅವನ ನೌಕರಿಯ ಕಾಗದವೂ ಮುಗಿಯುತ್ತದೆ, ಮುಂದುವರಿಸಬೇಕೋ ಬೇಡವೋ ಅಂತ ಸಹಿ ಹಾಕುವ ಪೆನ್ನು ಗಡುವಪ್ಪನ ಜೇಬಿನಲ್ಲೇ ಇದೆ.

ಏನ್ರೀ, ತಣ್ಣಗಾಗ್ತಿದೆ, ಬನ್ನಿ ಅಂದಳು ಆ ಮನೆಯ ಹೆಂಗಸು, ಬಂದೆ ಬಂದೆ ಅಂದ ಲೈನಿನ ಅಣ್ಣ, ಎಷ್ಟೋ ಸಮಯದಿಂದ ಕೇಳುತ್ತಿರುವ ದನಿ, ಮುಖ ಗೊತ್ತಿಲ್ಲ, ಲೈನು ಹೋದಾಗಲೆಲ್ಲ ಅಣ್ಣಾ ಸ್ವಲ್ಪ ನೋಡಿ ಅಣ್ಣಾ ಅನ್ನುವುದು, ನೋಡ್ತೀನಿ ತಮ್ಮಾ ಅನ್ನುವುದು, ಅಷ್ಟೇ ಸಂಬಂಧ, ಆದರೆ ತಮ್ಮಾ ಅನ್ನುವವರು ಬೇರೆ ಯಾರಿದ್ದಾರೆ, ಹುಟ್ಟಿದ ಅಣ್ಣ ಬೇರೆ ಊರಲ್ಲಿದ್ದಾನೆ, ಫೋನ್ ಮಾಡುತ್ತಾನೆ, ಯಾವಾಗ ಅಂದರೆ ಅವನ ಫೋನ್ ಹ್ಯಾಂಗ್ ಆದಾಗ, ಲೋ ಇದೇನೋ ಇದು ಸುಮ್ಮನೆ ಸುತ್ತುತಾ ಇದೆ, ಆಫ್ ಮಾಡಿ ಆನ್ ಮಾಡು ಅನ್ನುತ್ತಾನೆ ಇವನು, ಆಫ್ ಮಾಡುತ್ತಾನೆ ಅವನು, ಆನ್ ಆದ ಮೇಲೆ ಮತ್ತೆ ಕರೆಯುವುದಿಲ್ಲ. ಅಮ್ಮ ಇದ್ದಾಗ ಮನೆಗೆ ಸದ್ದಿತ್ತು, ಮುಚ್ಚಳ ಬೀಳುತ್ತಿತ್ತು, ಬೈಗುಳ ಬೀಳುತ್ತಿತ್ತು, ಈಗಿರುವ ಕೋಣೆಯಲ್ಲಿ ಬೀಳುವುದು ಬೀಗದ ಕೈ ಒಂದೇ, ಮೇಜಿನ ಮೇಲೆ, ಅವನೇ ಬೀಳಿಸಬೇಕು, ನಿಂತುಕೊಂಡೇ ಉಣ್ಣುತ್ತಾನೆ, ಕೂತರೆ ಎದುರಿನ ಗೋಡೆ ನೋಡಬೇಕಾಗುತ್ತದೆ. ಅಪ್ಪ ಎಲ್ಲಮ್ಮಾ — ಇದು ಪುಟ್ಟ — ಅಪ್ಪ ಆಫೀಸಲ್ಲಿದಾರೆ ಪುಟ್ಟಾ — ಇಲ್ಲೇ ಕೂತಿದಾರಲ್ಲ — ಕೂತಿರೋದು ಇಲ್ಲಿ, ಇರೋದು ಆಫೀಸಲ್ಲಿ, ತಿನ್ನು ಸುಮ್ನೆ. ಅವನಿಗೆ ನಗು ಬಂತು, ಎಸಿಯ ಚಳಿಗೆ ಒಡೆದ ತುಟಿ ಉರಿಯಿತು. ಕಣ್ಣು ಮುಚ್ಚಿ ಸದ್ದುಗಳಿಂದಲೇ ಆ ಮನೆ ಕಟ್ಟತೊಡಗಿದ. ನಲ್ಲಿ ಎಡಗಡೆ ಇದೆ, ಅಲ್ಲಿಂದ ನಾಲ್ಕು ಹೆಜ್ಜೆಗೆ ಮೇಜು, ಮೇಜಿನ ಒಂದು ಕಾಲು ಗಿಡ್ಡ, ತಟ್ಟೆ ಸುತ್ತಿದ್ದು ಅದಕ್ಕೇ, ಪುಟ್ಟನ ಡಬ್ಬಿ ಹೋಗಿ ಹೋಗಿ ತಗಲುವುದು ಕಪಾಟಿಗೆ, ಕಿಟಕಿ ತೆರೆದಿದೆ, ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದರು, ಮೇಜಿನ ಸುತ್ತ ಮೂರು ಕುರ್ಚಿ, ಬೇಡ, ನಾಲ್ಕಿರಲಿ, ಯಾರಪ್ಪನ ಗಂಟೇನು ಹೋಗುವುದು.

ಆಗ ಅವಳು ಕೇಳಿದಳು, ಯಾಕ್ರೀ ಊಟ ಸೇರ್ತಿಲ್ವಾ, ಬೆಳಿಗ್ಗೆಯಿಂದ ಮುಖ ಒಂಥರಾ ಇದೆ, ಏನಾಯ್ತು. ಕುರ್ಚಿ ಎಳೆದ ಸದ್ದು, ಆಮೇಲೆ ಅಣ್ಣನ ದನಿ, ತಗ್ಗಿದ ದನಿ, ಮೈಕಿಗೆ ಹತ್ತಿರವಾಗಿ ಬಂದ ದನಿ, ನಂದೇ ತಪ್ಪು ಕಣೇ, ಬೆಳಿಗ್ಗೆ ಕೆಲಸಕ್ಕೆ ಕೂತ ತಕ್ಷಣ ಒಂದು ಸೆಟ್ಟಿಂಗ್ ಬದಲಾಯಿಸಿದೆ, ಕೆಲಸದ ಹೊತ್ತಲ್ಲಿ ಮಾಡೋ ಹಾಗಿಲ್ಲ, ಯಾರನ್ನೂ ಕೇಳಲಿಲ್ಲ, ಅದರಿಂದಲೇ ಆ ಗೋದಾಮಿನ ಲೈನ್ ಹೋಗಿದೆ, ಈಗ ಮೊದಲಿದ್ದ ಹಾಗೇ ಹಾಕಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಅಯ್ಯೋ, ಗೊತ್ತಾದ್ರೆ? ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಕೀಲಿಮಣೆ ಕಟಕಟ ಅಂದಿತು, ಎದುರಿನ ಕಪಾಟಿನಲ್ಲಿ ಬೆಳಿಗ್ಗೆಯಿಂದ ಕೆಂಪಗೆ ಉರಿಯುತ್ತಿದ್ದ ದೀಪ ಒಮ್ಮೆ ಕಣ್ಣು ಹೊಡೆದು ಹಸಿರಾಯಿತು, ಮೇಲೆ ಯಾರೋ ಓ ಅಂತ ಕೂಗಿದರು, ಪ್ರಿಂಟರುಗಳು ಕರಕರ ಚೀಟಿ ಕಕ್ಕುತ್ತಿರಬೇಕು, ಅವನು ಮಾತ್ರ ಹಾಗೇ ಕೂತಿದ್ದ, ಸಿಕ್ಕಿತಲ್ಲ ಕಾರಣ, ಎದ್ದು ಓಡಬೇಕು, ಗಡುವಪ್ಪನ ಮುಖಕ್ಕೆ ಹಿಡಿಯಬೇಕು, ತಗೋ ನಿನಗೆ ಬೇಕಾದ ಹೆಸರು — ಪುಟ್ಟ ಅಷ್ಟರಲ್ಲಿ ಇನ್ನೊಂದು ತುತ್ತು ಬೇಡ ಅಂತ ರಾಗ ಎಳೆಯುತ್ತಿದ್ದ, ಪರದೆಯ ಮೇಲೆ ಮೂರನೇ ಚೌಕ ಮೂಡುತ್ತಿತ್ತು, ಯಾರೋ ಕರೆಯೊಳಗೆ ಬರುತ್ತಿದ್ದಾರೆ, ಆ ಮನೆಯೊಳಗೆ, ಬೂಟು ಹಾಕಿಕೊಂಡು. ಅಣ್ಣಾ, ನಿಮ್ಮ ಮೈಕು ಆನ್ ಇದೆ, ಅಂದುಬಿಟ್ಟ. ಎಲ್ಲ ಸದ್ದೂ ಒಟ್ಟಿಗೆ ನಿಂತಿತು. ಎಷ್ಟೊತ್ತಿಂದ ತಮ್ಮಾ? ಈಗ ನೋಡಿದೆ ಅಣ್ಣಾ. ಮೈಕಿನ ಚಿತ್ರದ ಮೇಲೆ ಕೆಂಪು ಗೀಟು ಬಿತ್ತು, ಕಿವಿಯಲ್ಲಿ ಏನೂ ಉಳಿಯಲಿಲ್ಲ, ಎಸಿಯ ಗುಂಯ್ ಅನ್ನುವುದು ಇಷ್ಟು ದೊಡ್ಡದಿತ್ತೇ ಅನಿಸಿತು. ಅಣ್ಣ ನಿಜ ಹೇಳುತ್ತಾನೆ, ತಮ್ಮಾ ಅಂದವನು ಹೇಳದೆ ಇರುತ್ತಾನೆಯೇ, ಅವನೇ ಹೇಳಿಕೊಂಡರೆ ಚೆನ್ನ, ತಪ್ಪಾಯ್ತು ಸಾರ್ ಅಂದರೆ ಒಂದು ಬೈಗುಳಕ್ಕೆ ಮುಗಿಯಬಹುದು.

ಚೌಕಗಳು ಆರಾದವು, ಗಡುವಪ್ಪ ಮೇಲಿನ ಮಹಡಿಯಿಂದಲೇ ಕರೆಗೆ ಬಂದ, ಅವನ ಹಿಂದೆ ದೊಡ್ಡವರ ಕೆಮ್ಮೂ ಕೇಳಿಸಿತು. ಬಂತಲ್ರಯ್ಯ, ಹೆಂಗೆ ಬಂತು? ತಾನಾಗೇ ಬಂತು ಸಾರ್, ಅಂದ ಸರ್ವರಿನವನು. ತಾನಾಗೇ ಬಂದು ತಾನಾಗೇ ಹೋಗೋಕೆ ಅದೇನ್ ಬಿಕ್ಕಳಿಕೇನಾ, ಮೇಲಿನವರಿಗೆ ಕಾರಣ ಬೇಕು, ಒಬ್ಬೊಬ್ಬರೇ ಹೇಳಿ. ನಮ್ಮ ಕಡೆ ಸರಿ ಇತ್ತು, ನಮ್ಮ ಕಡೆ ಸರಿ ಇತ್ತು, ನಮ್ಮ ಕಡೆ, ಮತ್ತೆ ಅದೇ ಪ್ರಾರ್ಥನೆ, ಅವನ ಕಣ್ಣು ಆ ಕೆಂಪು ಗೀಟಿನ ಮೇಲೆ, ಹೇಳು ಅಣ್ಣಾ, ಈಗ ಹೇಳು. ಗೀಟು ಹೋಯಿತು. ಮೊದಲು ಕೇಳಿಸಿದ್ದು ಬಾಗಿಲು, ಎಳೆದು ಮುಚ್ಚಿದ ಬಾಗಿಲು, ಚಿಲಕ, ಅಷ್ಟು ಹೊತ್ತು ಕಟ್ಟಿದ ಮನೆಗೆ ಅವನು ಬಾಗಿಲನ್ನೇ ಇಟ್ಟಿರಲಿಲ್ಲ — ಹಿಂದೆ ತಟ್ಟೆಯಿಲ್ಲ, ನಲ್ಲಿಯಿಲ್ಲ, ಕಚೇರಿಯ ದನಿ ಒಂದೇ, ನಮ್ಮ ಕಡೆಯಿಂದ ಯಾವ ಬದಲಾವಣೆಯೂ ಇಲ್ಲ ಸಾರ್, ಬೆಳಿಗ್ಗೆ ನಿಮ್ಮ ಹುಡುಗ ರೂಮಿಗೆ ಹೋಗಿದ್ನಂತಲ್ಲ, ಕೇಬಲ್ ಏನಾದ್ರೂ ಅಲ್ಲಾಡಿರಬಹುದು, ಅವನನ್ನೇ ಕೇಳಿ. ಹುಡುಗ. ತಮ್ಮ ಹೋಗಿ ಹುಡುಗ ಆಯಿತು, ಒಂದು ಬಾಗಿಲು ಮುಚ್ಚುವಷ್ಟರಲ್ಲಿ. ಗಡುವಪ್ಪ ಅಂದ, ಕೇಳಿಸ್ತೇನೋ, ನೀನೇನು ಹೇಳ್ತೀಯ. ಇವನ ಬಾಯಿಗೆ ಬಂದ ಬೈಗುಳಗಳೆಲ್ಲ ಒಂದನ್ನೊಂದು ತಳ್ಳಿಕೊಂಡು ಹಲ್ಲಿನ ಹಿಂದೆ ನಿಂತವು, ತನ್ನ ಮೈಕಿನ ಗೀಟು ತೆಗೆದ, ಮೆಲ್ಲಗೆ ಅಂದ, ಮನೇಲಿ ಅತ್ತಿಗೆಗೆ ಹೇಳಿದ್ದನ್ನೇ ಇಲ್ಲೂ ಹೇಳಿ ಅಣ್ಣಾ. ದೊಡ್ಡವರ ಕೆಮ್ಮೂ ನಿಂತಿತು. ಅಣ್ಣನ ಮೈಕು ತೆರೆದೇ ಇದೆ, ಉಸಿರು ಬರುತ್ತಿದೆ, ಮುಚ್ಚುವುದಕ್ಕೂ ಕೈ ಬರುತ್ತಿಲ್ಲ ಅವನಿಗೆ, ಒತ್ತಿದರೆ ಇಲ್ಲಿಂದಲೂ ಮುಚ್ಚಬಹುದು, ಇವನೂ ಒತ್ತಲಿಲ್ಲ — ಆ ಉಸಿರಿನ ಹಿಂದೆ ಬಾಗಿಲು, ಬಾಗಿಲಿನ ಆಚೆಯಿಂದ ಅಂಗೈಯಲ್ಲಿ ಬಡಿಯುವ ಸದ್ದು, ಒದ್ದೆ ಅಂಗೈ, ಸಣ್ಣದು, ಅಪ್ಪಾ ಬಾಗಿಲು ತೆಗಿ, ಅಪ್ಪಾ, ಆರೂ ಚೌಕಗಳಲ್ಲಿ ಅದೇ ಬಾಗಿಲು, ಅಪ್ಪಾ ಆಫೀಸ್ ಮುಗೀತಾ, ಬಾಗಿಲು, ಆ ಪುಟ್ಟ ಅಂಗೈ, ಬಾಗಿಲು