ಎಲ್ಲಿಗೆ ಎಂದಷ್ಟೇ ಕೇಳಿದವನು

ಬ್ರೇಕು ಬಿತ್ತು, ಇಲ್ಲಿ ಸ್ಟಾಪಿಲ್ಲವಲ್ಲ, ಕಣ್ಣು ಮುಚ್ಚಿದ್ದರೂ ಕಾಲಿಗೆ ಗೊತ್ತಾಗುತ್ತದೆ, ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ ಕಂಡಕ್ಟರಾಗಿ ನಿಂತ ಕಾಲು, ಸೇತುವೆ ಇಳಿದರೆ ಗಿರಣಿ ಗೇಟು, ಆಮೇಲೆ ಆಸ್ಪತ್ರೆ, ನಡುವೆ ಯಾರಪ್ಪ ಬಂದರೂ ನಿಲ್ಲಿಸುತ್ತಿರಲಿಲ್ಲ — ಇಬ್ಬರು ಪೊಲೀಸರು ಹತ್ತಿದರು, ಎಲ್ಲರೂ ಐಡಿ ಕಾರ್ಡ್ ತೆಗೀರಿ, ಆದರೆ ಎಲ್ಲರನ್ನೂ ಎಲ್ಲಿ ಕೇಳುತ್ತಾರೆ, ಇಸ್ತ್ರಿ ಅಂಗಿಗಳನ್ನು ದಾಟಿ ಸವೆದ ಚಪ್ಪಲಿಗಳ ಹತ್ತಿರ ನಿಲ್ಲುತ್ತಾರೆ, ನಾನು ಜೇಬಿಗೆ ಕೈ ಹಾಕಿದರೆ ಯಜಮಾನ್ರೇ ನೀವು ಕೂತ್ಕೊಳ್ಳಿ ಎಂದರು, ಕೂತೆ, ನಾಚಿಕೆಯಿಲ್ಲದೆ ಹಾಯಾಗಿಯೇ ಕೂತೆ, ನನ್ನ ಕಾಲದಲ್ಲಿ ಬಸ್ಸಿನೊಳಗೆ ಒಂದೇ ಪ್ರಶ್ನೆ, ಎಲ್ಲಿಗೆ, ಯಾರು ನೀನು ಎಂದು ಒಬ್ಬರನ್ನೂ ಕೇಳಿದವನಲ್ಲ, ಟಿಕೆಟು ತೆಗೆದುಕೊಂಡವರನ್ನು ಹಾಗೆ ಕೇಳಲು ನಾನ್ಯಾರು, ಗಿರಣಿ ಗೇಟು ಇವತ್ತು ಬಂದಿಲ್ಲ, ಜ್ವರವಂತೆ, ಕೋರ್ಟು ಮೆಟ್ಟಿಲು ಕೇಸು ಗೆದ್ದನಂತೆ, ಹೀಗೆ ಇಳಿಯುವ ಸ್ಟಾಪಿನ ಹೆಸರಿನಲ್ಲೇ ಎಲ್ಲರೂ ನೆಂಟರು — ಅಯ್ಯೋ, ಪೊಲೀಸರ ಮುಂದೆ ಚೀಲ ತಡಕುತ್ತಿರುವ ಈ ಹುಡುಗಿ ನಮ್ಮ ಹಾಫ್ ಟಿಕೆಟ್ಟಲ್ಲವೇ, ಆಸ್ಪತ್ರೆಯ ಬಟ್ಟೆ ಒಗೆಯುವ ಅಮ್ಮನ ಜೊತೆ ದಿನಾ ಬಂದು ನನ್ನ ಸೀಟಿ ಊದಲು ಹಟ ಹಿಡಿಯುತ್ತಿದ್ದವಳು, ನಾನು ಕೊಡುತ್ತಿದ್ದೆ, ಡ್ರೈವರು ಬೈಯುತ್ತಿದ್ದ, ಹನ್ನೆರಡು ತುಂಬಿದ ದಿನ ಮಾಮಾ ಇವತ್ತಿಂದ ನಂಗೆ ಫುಲ್ ಕೊಡಿ ಎಂದು ಎದೆಯುಬ್ಬಿಸಿದಳು, ಇನ್ನೊಂದು ವರ್ಷ ಬಾಯಿ ಮುಚ್ಕೊಂಡಿರೋಕಾಗಲ್ವೇನೇ ಎಂದು ಅಮ್ಮ ತಲೆಗೆ ಮೊಟಕಿದಳು, ಬಸ್ಸಿಗೆ ಬಸ್ಸೇ ನಕ್ಕಿತು, ಎಂಥ ಬೆಳಗುಗಳವು.

ಚೀಲದಿಂದ ಹೊರಬಂದದ್ದು ಮಡಿಸಿದ ಬಿಳಿ ಸಮವಸ್ತ್ರ, ಕಾರ್ಡಿಲ್ಲ, ಮನೇಲೇ ಉಳೀತು ಸಾರ್, ಎಂಟಕ್ಕೆ ಡ್ಯೂಟಿ, ನರ್ಸ್ ಕೆಲಸ, ಇವತ್ತೇ ಮೊದಲನೇ ದಿನ, ಹೋಗದಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ — ಅವಳ ಕೈಯಲ್ಲೇ ಚೀಟಿಯಲ್ಲಿ ಹೆಸರು ಬರೆಸಿಕೊಂಡರು, ಇಳಿ, ಠಾಣೆಗೆ ನಡಿ, ನಾನು ಎದ್ದುಬಿಟ್ಟೆ, ಇವಳು ನಂಗೆ ಗೊತ್ತು ಸಾರ್, ಇಷ್ಟುದ್ದ ಇದ್ದಾಗಿಂದ ಗೊತ್ತು, ಅವರು ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು, ಗೊತ್ತಿದ್ರೆ ಹೆಸರು ಹೇಳಿ, ಇದ್ರಲ್ಲಿರೋದಕ್ಕೆ ಸರಿಹೋದ್ರೆ ಬಿಡ್ತೀವಿ, ಹೆಸರು, ಹೆಸರು — ಬಾಯಿಗೆ ಬಂದದ್ದು ಹಾಫ್ ಟಿಕೆಟ್ಟು, ಅದನ್ನೇ ಹೇಳಿಬಿಟ್ಟೆ, ನಕ್ಕರು, ಅಮ್ಮ ಏನೆಂದು ಕರೆಯುತ್ತಿದ್ದಳು, ಪುಟ್ಟಿ, ಬರೀ ಪುಟ್ಟಿ, ಶಾಲೆಯ ಚೀಲದ ಮೇಲೆ ಏನೋ ಬರೆದಿತ್ತು, ಎಷ್ಟು ವರ್ಷ ಕಣ್ಣೆದುರಿಗಿತ್ತು, ಓದಲಿಲ್ಲ, ಕೇಳದಿರುವುದೇ ನನ್ನ ದೊಡ್ಡತನ ಎಂದುಕೊಂಡಿದ್ದೆ, ಒಂದು ಸಲ ಕೇಳಿದ್ದರೆ ಗಂಟೇನು ಹೋಗುತ್ತಿತ್ತು, ಅವಳು ಮಾತ್ರ ಗಾಬರಿಯೇ ಇಲ್ಲದೆ ನನ್ನತ್ತ ತಿರುಗಿ ಹೇಳಿ ಮಾಮಾ ಎಂದಳು, ನಿಮಗೆ ಗೊತ್ತಲ್ಲ, ಹೇಳಿ — ಇಳಿಸಿದರು, ಬಸ್ಸು ಹೊರಟಿತು, ಸ್ಟಾಪಿಲ್ಲದ ರಸ್ತೆಯಲ್ಲಿ ಅವಳು ಮುಖ ಮೇಲೆತ್ತಿ ನನ್ನ ಕಿಟಕಿಯನ್ನೇ ನೋಡುತ್ತಿದ್ದಾಳೆ, ಈಗಲೂ ಹೇಳುತ್ತಾರೆ ಎಂದು, ಮಾಮ ಹೇಳಿಯೇ ಹೇಳುತ್ತಾರೆ ಎಂದು, ಮುಖ ಮೇಲೆತ್ತಿ, ನಗುತ್ತ —