ಅಂಚಿಗೆ ಸೀಸ ಕಟ್ಟಿದ ನಿಲುವಂಗಿ

ಟಕ್, ಟಕ್, ಬೆಂಚಿನ ಕಾಲಿಗೆ ಸೀಸದ ಗುಂಡು ಬಡಿದ ಸದ್ದು, ಇದು ಗಂಡಸರ ನಿಲುವಂಗಿಯದೇ, ಹೆಂಗಸರದಾದರೆ ಇಷ್ಟು ಗಟ್ಟಿಯಾಗಿ ಬಡಿಯುವುದಿಲ್ಲ, ಎಂದು ಟೇಲರಮ್ಮ ಗಂಜಿಯ ಕೊಪ್ಪರಿಗೆಯಿಂದ ಸೌಟು ಎತ್ತದೆಯೇ ಅಂದುಕೊಂಡಳು, ತಿರುಗಿ ನೋಡಿದರೆ ಹೌದು, ಕೆಳಗಿನ ಚರ್ಚಿನ ಅಯ್ಯನವರು, ಮೊನ್ನೆಯವರೆಗೂ ಈ ಮೇಲಿನ ಚರ್ಚಿನ ಮೆಟ್ಟಿಲು ತುಳಿಯದವರು, ಈಗ ಇಲ್ಲಿಯದೇ ಬಿಳಿ ನಿಲುವಂಗಿ ತೊಟ್ಟು ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬರುತ್ತಿದ್ದಾರೆ, ಹೆಜ್ಜೆಗೊಂದು ಟಕ್, ನಗಬಾರದು, ಊರು ನೀರಲ್ಲಿರುವಾಗ ನಗಬಾರದು, ಆದರೆ ನಗು ಯಾರಪ್ಪನ ಮಾತು ಕೇಳುತ್ತದೆ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಅಂಗಿಗಳನ್ನು ಹೊಲಿದವಳು ಅವಳೇ, ಒಂದೊಂದನ್ನೂ, ದೀಕ್ಷಾಸ್ನಾನಕ್ಕೆ ತೊಟ್ಟಿಗಿಳಿಯುವವರು ತೊಡುವ ಅಂಗಿ, ಹಿಂದೊಮ್ಮೆ ಅಂಗಡಿಯವನ ಹೆಂಡತಿ ತೊಟ್ಟಿಗಿಳಿದಾಗ ಅಂಗಿ ಛತ್ರಿಯಂತೆ ಅರಳಿ ಮೇಲೆದ್ದು, ಪಾಸ್ಟರ್ ಪಾಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಪ್ರಾರ್ಥನೆ ಮುಗಿಸಿದ್ದು, ಆ ಭಾನುವಾರದಿಂದ ಶುರುವಾಯಿತು ಅಂಚಿಗೆ ಸೀಸ ಕಟ್ಟುವ ಪದ್ಧತಿ, ದೋಣಿಯವನಾದ ಅವಳ ಗಂಡ ಬಲೆಗೆ ಕಟ್ಟುವ ಗುಂಡುಗಳಲ್ಲಿ ಒಂದು ಹಿಡಿ ತಂದು ಹೊಲಿಗೆ ಯಂತ್ರದ ಮೇಲಿಟ್ಟು, ತಗೋ, ಮೀನು ಹಿಡಿಯೋದಕ್ಕೂ ಇದೇ, ಆತ್ಮ ಹಿಡಿಯೋದಕ್ಕೂ ಇದೇ ಅಂದಿದ್ದ. ಒಣ ನೆಲದ ಮೇಲೆ ಆ ಗುಂಡು ಹೀಗೆ ಸದ್ದು ಮಾಡುತ್ತದೆಂದು ಯಾರಿಗೆ ಗೊತ್ತಿತ್ತು, ಈಗ ಚರ್ಚಿನ ಹಾಲಿನ ತುಂಬ ಅದೇ ಸದ್ದು, ಮುದುಕರು, ಬಸುರಿಯರು, ಮೇಷ್ಟ್ರು, ಕಟುಕ, ಕೆಳಗಿನ ಬೀದಿಗೆ ಬೀದಿಯೇ ಬಿಳಿ ಅಂಗಿ ತೊಟ್ಟು ಗಂಜಿಯ ಸಾಲಿನಲ್ಲಿ ನಿಂತಿದೆ, ಟಕಟಕ, ಟಕಟಕ, ಸ್ವರ್ಗದ ಬಾಗಿಲಲ್ಲೂ ಇಷ್ಟು ನೂಕುನುಗ್ಗಲು ಇರಲಾರದು.

ಮೊನ್ನೆ ಬೆಳಗ್ಗೆ ಹೊಳೆ ಒಡ್ಡು ಒಡೆದುಕೊಂಡು ಬಂದಾಗ ಈ ಬಟ್ಟೆಗಳೆಲ್ಲ ಕಪಾಟಿನಲ್ಲಿದ್ದವು, ಇಸ್ತ್ರಿಯಾಗಿ, ಬೀಗದೊಳಗೆ, ಕೆಳಗಿನವರು ಕತ್ತಿನವರೆಗೆ ನೆನೆದು ಹಲ್ಲು ಕಟಕಟ ಕಡಿಯುತ್ತ ದಿಣ್ಣೆ ಹತ್ತಿ ಬಂದರು, ಕಂಬಳಿ ಮುಗಿಯಿತು, ಪರದೆ ಮುಗಿಯಿತು, ಮೇಜಿನ ಮೇಲಿನ ಹಾಸು ಕೂಡ ಯಾರದೋ ಮಗುವಿನ ಮೈ ಸುತ್ತಿತು, ಆಗ ಪಾಸ್ಟರ್ ಅವಳತ್ತ ತಿರುಗಿ ಕಪಾಟು ತೆಗೀರಿ ಟೇಲರಮ್ಮ ಅಂದರು, ಸಭೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಪಾಸ್ಟರೇ, ಮುಳುಗದವರಿಗೆ ಮುಳುಗಿನ ಬಟ್ಟೆ ಕೊಡೋದಾ, ಪದ್ಧತಿ ಇಲ್ವಲ್ಲ, ಪಾಸ್ಟರ್ ಏನಂದರು, ಕತ್ತಿನ ತನಕ ಮುಳುಗಿ ಬಂದಿದಾರೆ ಮಾರಾಯ್ರೇ, ಇನ್ನೆಷ್ಟು ಮುಳುಗಿಸ್ಬೇಕು ನಿಮಗೆ, ಅಷ್ಟೇ, ಬೀಗ ತೆರೆಯಿತು, ಅವಳಿಗೆ ಅದೇನೋ ಒಂದು ಖುಷಿ, ಹೇಳಿದರೆ ಹುಚ್ಚಿ ಅಂದಾರು. ಇಡೀ ಊರಿಗೆ ಗೊತ್ತು ಈ ಜಗಳ, ಅವರು ಚಿಮುಕಿನವರು, ಇವರು ಮುಳುಗಿನವರು, ಅಲ್ಲಿ ಎಳೆಮಗುವಿನ ನೆತ್ತಿಗೆ ನೀರು ಚಿಮುಕಿಸಿದರೆ ಆಯಿತು, ಇಲ್ಲಿ ಬುದ್ಧಿ ಬಂದ ಮೇಲೆ ತೊಟ್ಟಿಗಿಳಿದು ಮುಳುಗಿ ಏಳಬೇಕು, ಅದಕ್ಕೇ ಎರಡು ಚರ್ಚು, ಎರಡು ಗಂಟೆ, ಎರಡು ಸ್ಮಶಾನ, ಬಟ್ಟೆ ಒಗೆಯೋರು ಚಿಮುಕಿಸಿ ಒಗೀತಾರೇನ್ರೀ ಎಂದು ಈ ಪಾಸ್ಟರ್ ಕೇಳುವುದು, ಅಡುಗೆಗೆ ಚಿಟಿಕೆ ಉಪ್ಪು ಸಾಲದಾ, ಮೂಟೆ ಸುರಿಯೋರು ಯಾರು ಎಂದು ಆ ಅಯ್ಯನವರು ಉತ್ತರ ಕೊಡುವುದು, ಎಣ್ಣೆ ಸೀಗೆಕಾಯಿ ಸಂಬಂಧ, ಈಗ ನೋಡಿದರೆ ಮುಂದಿನ ಭಾನುವಾರಕ್ಕೆಂದು ತುಂಬಿಸಿಟ್ಟಿದ್ದ ಆ ತೊಟ್ಟಿಯಿಂದಲೇ ಅಯ್ಯನವರು ಬಕೆಟ್ ಬಕೆಟ್ ನೀರು ಸೇದುತ್ತಿದ್ದಾರೆ, ಊರಿನಲ್ಲಿ ಕೆಸರಿಲ್ಲದ ನೀರಿರುವುದು ಅದೊಂದೇ ಕಡೆ, ಕುದಿಸಿ ಕುಡಿಯುವುದೂ ಅದನ್ನೇ, ಗಂಜಿಯೂ ಅದರಲ್ಲೇ, ಪಾಸ್ಟರ್ ಎದುರಿಗೆ ಬಂದಾಗ ಅಯ್ಯನವರು ಬಕೆಟ್ ಎತ್ತಿ ತೋರಿಸಿ, ನಿಮ್ಮ ತೊಟ್ಟಿ ಕೊನೆಗೂ ಒಂದು ಉಪಯೋಗಕ್ಕೆ ಬಂತು ನೋಡಿ, ಹೂಂ ಅಯ್ಯನೋರೇ, ನೀವೂ ಕೊನೆಗೂ ಆ ಅಂಗಿಗೆ ಬಂದ್ರಲ್ಲ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನೀರು ಅರ್ಧ ನೆಲಕ್ಕೆ ಚೆಲ್ಲಿತು. ಚೆಲ್ಲಬೇಡ್ರಪ್ಪಾ ಎಂದು ಅವಳು ಕೂಗಿದಳು, ಕೂಗಿ ಉಪ್ಪು ನೋಡುವ ನೆಪದಲ್ಲಿ ಇನ್ನೊಂದು ಬಟ್ಟಲು ಗಂಜಿ ಕುಡಿದಳು, ಹೊಟ್ಟೆಗೆ ಇದು ಎಷ್ಟನೆಯದೋ, ದಿಗಿಲಾದಾಗ ಅವಳಿಗೆ ಹಸಿವು ಜಾಸ್ತಿ, ಚಿಕ್ಕಂದಿನಿಂದಲೂ ಹಾಗೇ.

ದಿಗಿಲು ಯಾಕೆ, ಎಲ್ಲರೂ ಬಂದರು, ಒಬ್ಬರೂ ಕೊಚ್ಚಿ ಹೋಗಲಿಲ್ಲ, ದೇವರು ದೊಡ್ಡವನು, ಕಟುಕನ ಆಡು ಕೂಡ ಬಂತು, ಅಕ್ಕ ಬರಲಿಲ್ಲ. ಅಕ್ಕ ಕೆಳಗಿನ ಚರ್ಚಿನ ಮೇಲಟ್ಟದಲ್ಲಿದ್ದಾಳೆ, ಹಾಡುವವರು ನಿಲ್ಲುವ ಜಾಗದಲ್ಲಿ, ಹಾಡಿನ ಪುಸ್ತಕಗಳನ್ನೆಲ್ಲ ಮೇಲಕ್ಕೆ ಹೊತ್ತು ಹಾಕಿ ಅಲ್ಲೇ ಕೂತಿದ್ದಾಳೆ, ನಿನ್ನೆ ದೋಣಿ ಹೋದಾಗ ಕಿಟಕಿಯಿಂದ ತಲೆ ಹಾಕಿ, ಮುಳುಗಿನವರ ಮನೆಗೆ ನಾನು ಬರಲ್ಲ, ಬೇಕಾದ್ರೆ ಇಲ್ಲೇ ಮುಳುಗ್ತೀನಿ ಅಂದಳಂತೆ, ಹಾಗಾದ್ರೆ ನೀವೂ ಮುಳುಗಿನವರೇ ಆಗ್ಬಿಡ್ತೀರಿ ಅತ್ತಿಗೆ ಎಂದು ಇವಳ ಗಂಡ ಹೇಳಿದ್ದಕ್ಕೆ ಹಾಡಿನ ಪುಸ್ತಕವೊಂದು ಹಾರಿ ಬಂತು, ಹಾಲಿನಲ್ಲಿ ಇದನ್ನು ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು, ನಕ್ಕು ಅಡುಗೆಕೋಣೆಯ ಹಿಂದೆ ಹೋಗಿ ಅತ್ತಳು. ತಾಯಿ ಇವಳನ್ನು ಹೆತ್ತು ಕಣ್ಣು ಮುಚ್ಚಿದಾಗ ಅಕ್ಕನಿಗಿನ್ನೂ ಎರಡು ಜಡೆ, ಆ ಎರಡು ಜಡೆಯ ಹುಡುಗಿಯೇ ತಂಗಿಯನ್ನು ಎತ್ತಿಕೊಂಡು ಆ ಚರ್ಚಿಗೆ ಹೋಗಿದ್ದು, ನೆತ್ತಿಗೆ ನೀರು ಹಾಕಿಸಿದ್ದು, ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಗದರಿದ್ದು, ಮಲಗಿಸಿದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದೂ ಅವಳೇ, ಆಮೇಲೆ ಈ ದೋಣಿಯವನು ಸಿಕ್ಕ, ಮೇಲಿನ ಚರ್ಚಿನವನು, ಮದುವೆಗೆ ಮುಂಚೆ ಅವಳು ತೊಟ್ಟಿಗಿಳಿದಳು, ಅಕ್ಕ ಬಾಗಿಲ ಹೊರಗೇ ನಿಂತಿದ್ದಳು, ಒದ್ದೆ ತಲೆಯಲ್ಲಿ ಓಡಿ ಹೋದವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ನಾನು ಎತ್ಕೊಂಡು ಹೋಗಿದ್ದು ಸಾಲಲಿಲ್ವೇನೇ ನಿನಗೆ, ಅದೇ ಕೊನೆಯ ಮಾತು, ಅಲ್ಲಿಂದ ಇಲ್ಲಿಯವರೆಗೆ ಸಂತೆಯಲ್ಲಿ ಎದುರಾದರೆ ತರಕಾರಿಯವಳ ಹತ್ತಿರ ಮಾತು, ಬಸ್ಸಿನಲ್ಲಿ ಎದುರಾದರೆ ಕಿಟಕಿಯ ಹತ್ತಿರ ಮಾತು, ತಂಗಿಯ ಹತ್ತಿರ ಇಲ್ಲ, ಅಕ್ಕನ ಹಟ ಅಂದರೆ ಹಟ, ಹಿಡಿದರೆ ಉಡದ ಹಿಡಿತ. ನಾನೂ ಬರ್ತೀನಿ ಎಂದು ಇವತ್ತು ದೋಣಿಯ ಹಗ್ಗ ಹಿಡಿದಾಗ ಗಂಡ ಬಿಡಿಸಿದ, ನೀನು ಬಂದ್ರೆ ಅವರು ಇನ್ನೂ ಮೇಲಕ್ಕೆ ಹತ್ತುತಾರೆ ಕಣೇ, ಗಂಟೆಗೋಪುರಕ್ಕೆ, ಅಲ್ಲಿಂದ ಇಳಿಸೋಕೆ ನಂಗಾಗಲ್ಲ, ನೀನು ಗಂಜಿ ನೋಡ್ಕೋ, ಹೋದ, ಎಷ್ಟು ಹೊತ್ತಾಯಿತು, ಹೊಳೆ ಇನ್ನೂ ಏರುತ್ತಿದೆ ಅಂತ ಯಾರೋ ಅಂದರು, ಇಳಿಯುತ್ತಿದೆ ಅಂತ ಇನ್ಯಾರೋ, ಆ ಅಟ್ಟದ ಮರ ಹಳೆಯದು, ಗೆದ್ದಲು ಹಿಡಿದದ್ದು, ಚಿಕ್ಕಂದಿನಲ್ಲಿ ಅಲ್ಲಿ ಕುಣಿದರೆ ಅಯ್ಯನವರು ಬೈಯುತ್ತಿದ್ದರು, ಕರ್ತನೇ, ಗೆದ್ದಲಿಗೆ ಒಂದು ದಿನ ರಜೆ ಕೊಡು. ಸೌಟು ತಿರುಗುತ್ತದೆ, ತಳ ಹಿಡಿಯಬಾರದು, ಮಿಶನ್ ಆಸ್ಪತ್ರೆಯ ಡಾಕ್ಟರಮ್ಮ ಗುಳಿಗೆ ಹಂಚುತ್ತ ಬರುತ್ತಾಳೆ, ಹಡಗಿನಲ್ಲಿ ಬಂದವಳು, ನಮ್ಮ ಮಾತು ಕಲಿತಿದ್ದೆಲ್ಲ ಹಳೆಯ ಧರ್ಮಪುಸ್ತಕದಿಂದ, ಓ ತಾಯಂದಿರೇ, ಈ ಗುಳಿಗೆಯನ್ನು ಊಟದ ತರುವಾಯ ನುಂಗತಕ್ಕದ್ದು, ನುಂಗತಕ್ಕದ್ದು ಎಂದು ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಹೇಳುತ್ತಾರೆ, ಡಾಕ್ಟರಮ್ಮನೂ ನಗುತ್ತಾಳೆ, ಯಾಕೆ ನಗುತ್ತಾರೆಂದು ಅವಳಿಗೆ ಗೊತ್ತಿಲ್ಲ, ಗೊತ್ತಿಲ್ಲದೆಯೇ ಎಲ್ಲರಿಗಿಂತ ಜೋರು, ಬಾಗಿಲಲ್ಲಿ ಗಲಾಟೆ, ಜಾಗ ಬಿಡಿ, ಜಾಗ ಬಿಡಿ, ಸೌಟು ಕೊಪ್ಪರಿಗೆಯೊಳಗೆ ಬಿತ್ತು.

ಅಕ್ಕ. ಗಂಡನ ಬೆನ್ನ ಮೇಲೆ, ಮೂಟೆಯಂತೆ, ಮೈಯೆಲ್ಲ ನೀರು, ಇಳ್ಸೋ ನನ್ನ, ಇಳ್ಸು, ನನಗೇನು ಕಾಲಿಲ್ವಾ, ಇಳಿದಳು, ಎಷ್ಟು ಸಣ್ಣಗಾಗಿದ್ದಾಳೆ, ದೂರದಿಂದ ನೋಡುವಾಗ ಯಾವಾಗಲೂ ಎತ್ತರವಾಗಿಯೇ ಕಾಣುತ್ತಿದ್ದಳಲ್ಲ, ಹಾಲನ್ನೆಲ್ಲ ಒಮ್ಮೆ ಕಣ್ಣಾಡಿಸಿದಳು, ಬಿಳಿ ಅಂಗಿಯ ಕಟುಕ, ಬಿಳಿ ಅಂಗಿಯ ಮೇಷ್ಟ್ರು, ಬಿಳಿ ಅಂಗಿಯ ಅಯ್ಯನವರು, ಅಯ್ಯನವರು ಬಕೆಟ್ ಬೆನ್ನ ಹಿಂದೆ ಅಡಗಿಸಿಕೊಂಡರು, ಅಯ್ಯನೋರೇ, ನೀವೂನಾ, ಚಳಿ ಕಣಮ್ಮ, ಚಳಿಗೆ ಯಾವ ಸಭೆ, ಡಾಕ್ಟರಮ್ಮ ಅಕ್ಕನ ನಾಡಿ ಹಿಡಿದು, ಈಕೆಯು ಒಣ ವಸ್ತ್ರವನ್ನು ಧರಿಸತಕ್ಕದ್ದು, ಕೂಡಲೇ, ಇಲ್ಲದಿದ್ದರೆ ಜ್ವರವು ಬರತಕ್ಕದ್ದು. ಕಪಾಟಿನಲ್ಲಿ ಉಳಿದಿದ್ದು ಒಂದೇ ಅಂಗಿ, ಗೋದಾಮಿನ ಕಾವಲುಗಾರನಿಗೆಂದು ಹೊಲಿದದ್ದು, ಆತ ಬಾಗಿಲಲ್ಲಿ ನಿಂತರೆ ಗಾಳಿಯೂ ಒಳಗೆ ಬರುವುದಿಲ್ಲ, ಅಂಥ ಆಳು, ಅಕ್ಕನಿಗೆ ಹಾಕಿದರೆ ಅಕ್ಕ ಸಿಗುವುದಿಲ್ಲ, ಆದರೂ ತಂದಳು, ತಂದು ಅಕ್ಕನ ಮುಂದೆ ಹಿಡಿದಳು, ಹಿಡಿದ ಕೈ ಹಾಗೆಯೇ ನಿಂತಿತು, ಹಾಲಿನಲ್ಲಿ ಒಂದೇ ಒಂದು ಟಕ್ ಇಲ್ಲ, ಎಲ್ಲರೂ ನಿಂತಲ್ಲೇ, ಒಲ್ಲೆ ಅಂದರೆ, ಮುಖ ತಿರುಗಿಸಿದರೆ, ಒದ್ದೆಯಲ್ಲೇ ಮೂಲೆಯಲ್ಲಿ ಕೂತು ಜ್ವರ ಬರಿಸಿಕೊಂಡರೆ, ಮಾಡುತ್ತಾಳೆ, ಮಾಡುವವಳೇ, ಅಕ್ಕ ಅಂಗಿಯನ್ನು ನೋಡಿದಳು, ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಚಿಕ್ಕಂದಿನಲ್ಲಿ ಹೋಂವರ್ಕ್ ನೋಡುತ್ತಿದ್ದಂತೆ, ಅಂಗಿಯನ್ನು ತಂಗಿಯ ಕೈಯಿಂದ ಕಿತ್ತುಕೊಂಡಳು, ಹೆಂಗಸರು ಬೆಡ್‌ಶೀಟ್ ಅಡ್ಡ ಹಿಡಿದರು, ಹಿಂದಿನಿಂದ ಒದ್ದೆ ಸೀರೆ ದೊಪ್ಪನೆ ಬಿದ್ದ ಸದ್ದು, ಬೆಡ್‌ಶೀಟ್ ಇಳಿಯಿತು, ಅಂಗಿಯ ನಡುವೆ ಎಲ್ಲೋ ಅಕ್ಕ, ತೋಳು ಮೊಣಕಾಲಿಗೆ, ಅಂಚು ನೆಲದ ಮೇಲೆ ಹರಡಿ ಬಿದ್ದಿದೆ, ಒಂದು ಹೆಜ್ಜೆ ಇಟ್ಟರೆ ಮುಗ್ಗರಿಸುತ್ತಾಳೆ, ಟೇಲರಮ್ಮ ಹಿಂದೆಮುಂದೆ ನೋಡದೆ ಮೊಣಕಾಲೂರಿದಳು, ರವಿಕೆಯ ಎದೆಗೆ ಚುಚ್ಚಿಟ್ಟಿದ್ದ ಗುಂಡುಸೂಜಿಗಳನ್ನೆಲ್ಲ ಕಿತ್ತು ತುಟಿಗಳ ನಡುವೆ ಸಿಕ್ಕಿಸಿಕೊಂಡಳು, ಅಭ್ಯಾಸ, ಅಂಚು ಮಡಿಸಬೇಕಾದರೆ ಸೂಜಿ ಬಾಯಲ್ಲೇ ಇರಬೇಕು, ಮಡಿಸಿದಳು, ಚುಚ್ಚಿದಳು, ಅಕ್ಕನ ಪಾದ, ನೀರಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳು, ಅಂಗಿಯ ಗುಂಡುಗಳು ಪಾದದ ಸುತ್ತ, ಆಗ ಮೇಲಿನಿಂದ ಮಾತು ಬಂತು. ಉಂಡಿಲ್ವಂತೆ ನೀನು.

ಯಾರಿಗೆ ಹೇಳಿದ್ದು, ಕಿಟಕಿಗೋ, ತರಕಾರಿಯವಳಿಗೋ, ಅಲ್ಲ, ತನಗೇ, ನಿನ್ನ ಗಂಡ ಹೇಳ್ದ, ಊರಿಗೆಲ್ಲ ಬಡಿಸ್ತಾಳೆ, ತಾನು ಒಂದು ತುತ್ತು ಮುಟ್ಟಿಲ್ಲ, ಅಕ್ಕ ಬರೋ ತನಕ ಮುಟ್ಟಲ್ಲ ಅಂತಾಳೆ ಅಂತ, ಅದಕ್ಕೇ ಬಂದೆ, ಇಲ್ದಿದ್ರೆ ಬರ್ತಿದ್ನಾ, ಅಯ್ಯೋ ಸುಳ್ಳ, ಹಸಿ ಸುಳ್ಳ, ಬೆಳಗ್ಗೆಯಿಂದ ಬಟ್ಟಲ ಮೇಲೆ ಬಟ್ಟಲು ಇಳಿದ ಹೊಟ್ಟೆ ಇದು, ಅವಳು ಓರೆಗಣ್ಣಲ್ಲಿ ನೋಡಿದರೆ ಗಂಡ ಕಂಬದ ಮರೆಯಲ್ಲಿ ನಿಂತು ಕೈಮುಗಿಯುತ್ತಿದ್ದಾನೆ, ಹೇಳಬೇಡ ಅನ್ನುತ್ತಿದ್ದಾನೆ, ಹೇಳುವುದಾದರೂ ಹೇಗೆ, ಬಾಯ ತುಂಬ ಗುಂಡುಸೂಜಿ, ನುಂಗುವಂತಿಲ್ಲ, ಉಗುಳುವಂತಿಲ್ಲ, ಅಕ್ಕ ಸುರಿಸುತ್ತಲೇ ಇದ್ದಾಳೆ, ಅಷ್ಟು ವರ್ಷದ್ದೂ ಒಟ್ಟಿಗೆ ಒಡ್ಡು ಒಡೆದಿದೆ, ಎಷ್ಟು ಬಡಕಲಾಗಿದೀಯೆ, ತಲೆಗೆ ಎಣ್ಣೆ ಇಡ್ತೀಯೋ ಇಲ್ವೋ, ಹೊಲಿಗೆ ಮಾತ್ರ ಚೆನ್ನಾಗಿ ಮಾಡಿದೀಯ, ಯಾರು ಕಲಿಸಿದ್ದು, ನಾನು ಕಲಿಸಿದ್ದು, ಈ ಗುಂಡು ಯಾಕೆ ಹಾಕಿದೀಯ, ಮಾತಾಡೇ, ಇಷ್ಟು ವರ್ಷ ಆದ್ಮೇಲೆ ಮಾತಾಡಿಸ್ತಿದೀನಿ, ಬಾಯಿ ಬಿಡೋಕೇನು ಧಾಡಿ ನಿನಗೆ, ಹಟಮಾರಿ, ಅವಳ ಮೂಗಿನಲ್ಲಿ ನಗು ಬಂತು, ಕಣ್ಣಲ್ಲಿ ನೀರು ಬಂತು, ತುಟಿ ಬಿಗಿದು ಊಂ ಊಂ ಎಂದಳು, ಹಾಲೆಲ್ಲ ಗೊಳ್ಳೆಂದು ನಕ್ಕಿತು, ನಗುತ್ತಲೇ ಬಗ್ಗಿದಳು, ಇನ್ನೊಂದು ಮಡಿಕೆ, ಇನ್ನೊಂದು ಸೂಜಿ, ಬೈತಲೆಯ ಮೇಲೆ ಏನೋ ತಣ್ಣಗೆ. ಒಂದು. ಅಕ್ಕನ ಕೂದಲಿನಿಂದ, ಮತ್ತೊಂದು, ಅಯ್ಯೋ ನಿನ್ನ ತಲೆ ಒದ್ದೆ ಮಾಡ್ತಿದೀನಲ್ಲೇ, ಸರಿ ಆ ಕಡೆ, ಅವಳು ಸರಿಯಲಿಲ್ಲ, ಕತ್ತೆತ್ತಿ ನೋಡಿದಳು, ಕಿವಿಯ ಹಿಂದಿನಿಂದ ಜಾರಿದ ಒಂದು ನರೆಗೂದಲ ಎಳೆ, ಅದರ ತುದಿಗೆ ಹನಿ, ತುಂಬುತ್ತಿದೆ, ದಪ್ಪವಾಗುತ್ತಿದೆ, ಕಿಟಕಿಯ ಬೆಳಕೆಲ್ಲ ಅದರೊಳಗೆ, ಒರೆಸಬೇಡ ಅಕ್ಕಾ, ಬೀಳಲಿ ಎಂದು ಮನಸ್ಸಿನಲ್ಲೇ, ಇನ್ನೇನು ಬೀಳುತ್ತದೆ, ಆವತ್ತು ನೆತ್ತಿಗೆ ಬಿದ್ದ ಹಾಗೆ, ಹನಿ, ಅಕ್ಕನ ಹನಿ —